ಕೋಡ್ ಫಾರ್ಮ್ಯಾಟಿಂಗ್ ಜಗಳ ಮುಗಿಸುವುದು ಹೇಗೆ: ಟೀಮ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಂದು ಪುಲ್ ರಿಕ್ವೆಸ್ಟ್ (ಪಿಆರ್, ಅಂದರೆ ‘ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ’ ಎಂಬ ಕೋರಿಕೆ) ಬಂದಿದೆ ಎಂದುಕೊಳ್ಳಿ. ಬದಲಾದ ಸಾಲುಗಳು 400. ತೆರೆದು ನೋಡಿದರೆ ನಿಜವಾಗಿ ತಿದ್ದಿದ್ದು ಆರೇಳು ಸಾಲು. ಮಿಕ್ಕಿದ್ದೆಲ್ಲ ಫೈಲ್ ಸೇವ್ ಮಾಡುವಾಗ ಬರೆದವರ ಎಡಿಟರ್ ತಾನಾಗಿಯೇ ಅತ್ತಿತ್ತ ಸರಿಸಿದ ಸ್ಪೇಸ್‌ಗಳು. ಬಗ್ ಇರುವುದು ಆ ಆರೇಳು ಸಾಲಿನಲ್ಲೇ ಆದರೂ ರಿವ್ಯೂ ಮಾಡುವವರ ಕಣ್ಣಿಗೆ ಬೀಳುವುದು ಕಷ್ಟ. ಇನ್ನೊಂದು ಬಗೆಯ ಪಿಆರ್ ಕೂಡ ಇದೆ. ಲಾಜಿಕ್ ಬಗ್ಗೆ ಒಂದು ಮಾತೂ ಇಲ್ಲ, ಆದರೆ ‘ಇಲ್ಲಿ ಸಿಂಗಲ್ ಕೋಟ್ ಹಾಕಿ’, ‘ಕಾಮಾ ಆದ ಮೇಲೆ ಸ್ಪೇಸ್ ಬೇಕು’ ಅಂತ ಕಾಮೆಂಟ್‌ಗಳ ಮಳೆ. ಹೊಸದಾಗಿ ಟೀಮ್ ಸೇರಿದವರಿಗೆ ಇದು ಎಷ್ಟು ಕಿರಿಕಿರಿ ಅಂತ ಅನುಭವಿಸಿದವರಿಗೇ ಗೊತ್ತು.

ಯಾವ ಶೈಲಿ ಆಯ್ದುಕೊಂಡಿರಿ ಎಂಬುದು ನನ್ನ ಲೆಕ್ಕದಲ್ಲಿ ಅಂಥ ದೊಡ್ಡ ವಿಷಯವಲ್ಲ. ತೀರ್ಮಾನವನ್ನು ಟೂಲ್ ಕೈಗೆ ಕೊಟ್ಟಿರಾ, ಆ ಟೂಲನ್ನು ರೆಪೊ (ಪ್ರಾಜೆಕ್ಟಿನ ಕೋಡೆಲ್ಲ ಇರುವ ಸಂಗ್ರಹ) ಒಳಗೆ ಯಾವ ಕ್ರಮದಲ್ಲಿ ತಂದಿರಿ, ಇವೆರಡೇ ಮುಖ್ಯ. ಕ್ರಮ ತಪ್ಪಿದರೆ ಒಳ್ಳೆಯ ಟೂಲ್ ಇದ್ದೂ ಒಂದು ವಾರ ಎಲ್ಲರೂ ಮರ್ಜ್ ಕಾನ್ಫ್ಲಿಕ್ಟ್ (ಇಬ್ಬರ ಬದಲಾವಣೆಗಳು ಒಂದೇ ಕಡೆ ಡಿಕ್ಕಿ ಹೊಡೆಯುವುದು) ಬಿಡಿಸುತ್ತಾ ಕೂರಬೇಕಾಗುತ್ತದೆ. ಕೆಳಗಿನ ಹಂತಗಳನ್ನು ಪೈಥಾನ್ ಬ್ಯಾಕೆಂಡ್, ಜಾವಾಸ್ಕ್ರಿಪ್ಟ್ ಫ್ರಂಟೆಂಡ್ ಇರುವ ಒಂದು ಸಾಮಾನ್ಯ ಪ್ರಾಜೆಕ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಗಿಟ್ (ಕೋಡ್ ಬದಲಾವಣೆಗಳ ಇತಿಹಾಸ ಇಡುವ ಟೂಲ್) ಬಳಸುವ ಯಾವ ಪ್ರಾಜೆಕ್ಟಿಗಾದರೂ ಹೊಂದುತ್ತದೆ.

ಹಂತ 1: ಮೂರು ಜಗಳಗಳನ್ನು ಬೇರೆ ಮಾಡಿ

‘ಕೋಡಿಂಗ್ ಸ್ಟ್ಯಾಂಡರ್ಡ್’ ಅಂತ ಒಂದೇ ಡಾಕ್ಯುಮೆಂಟ್ ಮಾಡಿ ಅದರೊಳಗೆ ಎಲ್ಲವನ್ನೂ ತುರುಕುವುದು ಸಾಮಾನ್ಯ. ಹಾಗೆ ಮಾಡಬೇಡಿ. ಅಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಮೊದಲನೆಯದು ಫಾರ್ಮ್ಯಾಟಿಂಗ್: ಇಂಡೆಂಟ್, ಸಾಲಿನ ಉದ್ದ, ಕೋಟ್, ಬ್ರೇಸ್ ಎಲ್ಲಿ. ಇದು ಬದಲಾದರೆ ಪ್ರೋಗ್ರಾಮ್‌ನ ಅರ್ಥ ಬದಲಾಗುವುದಿಲ್ಲ. ಎರಡನೆಯದು ಲಿಂಟಿಂಗ್: ಬಳಸದ ವೇರಿಯಬಲ್, ಹಿಡಿದು ಸುಮ್ನೆ ಬಿಟ್ಟ ಎಕ್ಸೆಪ್ಷನ್. ಇಲ್ಲಿ ನಿಜವಾದ ಬಗ್ ಇರಬಹುದು. ಮೂರನೆಯದು ಹೆಸರಿಡುವುದು, ಫಂಕ್ಷನ್ ಎಷ್ಟು ದೊಡ್ಡದಿರಬೇಕು ಎಂಬಂಥ ಮಾತು. ಇದನ್ನು ಮನುಷ್ಯರೇ ನೋಡಬೇಕು.

ಮೊದಲನೆಯದನ್ನು ಪೂರ್ತಿ ಫಾರ್ಮ್ಯಾಟರ್‌ಗೆ (ಕೋಡನ್ನು ತಾನೇ ಒಂದು ಶೈಲಿಗೆ ತರುವ ಟೂಲ್) ಬಿಡಿ, ಎರಡನೆಯದನ್ನು ಲಿಂಟರ್‌ಗೆ (ತಪ್ಪಿರಬಹುದಾದ ಕಡೆ ತೋರಿಸುವ ಟೂಲ್). ಒಂದರ ಕೆಲಸ ಇನ್ನೊಂದು ಮಾಡಲು ಹೋದರೆ ಎರಡೂ ಒಂದೇ ಸಾಲನ್ನು ಹಿಡಿದು ಎಳೆದಾಡುತ್ತವೆ. ಜಾವಾಸ್ಕ್ರಿಪ್ಟ್‌ನ ಲಿಂಟರ್ ಇಎಸ್‌ಲಿಂಟ್‌ನ ತಂಡವೇ 2023ರಲ್ಲಿ ತನ್ನ ಫಾರ್ಮ್ಯಾಟಿಂಗ್ ನಿಯಮಗಳನ್ನು ಕೈಬಿಡುತ್ತೇವೆ ಎಂದು ಘೋಷಿಸಿತು. ನಿಮ್ಮ ಹಳೆಯ ಕಾನ್ಫಿಗ್‌ನಲ್ಲಿ ಇಂಡೆಂಟ್, ಸೆಮಿಕೋಲನ್ ಬಗ್ಗೆ ಲಿಂಟ್ ನಿಯಮಗಳಿದ್ದರೆ ಈಗಲೇ ತೆಗೆದುಹಾಕಿ.

ಫಾರ್ಮ್ಯಾಟಿಂಗ್ ಬರೀ ಅಂದಚಂದದ ವಿಷಯ ಎಂದು ಯಾರಾದರೂ ಹೇಳಿದರೆ ಆ್ಯಪಲ್‌ನ 2014ರ ‘ಗೋಟು ಫೇಲ್’ ಬಗ್ ನೆನಪಿಸಿ. ಬ್ರೇಸ್ ಇಲ್ಲದ ಒಂದು ‘ಇಫ್’ ಕೆಳಗೆ ಅದೇ ಗೋಟು (‘ಬೇರೆ ಕಡೆಗೆ ನೆಗೆ’ ಎನ್ನುವ ಆಜ್ಞೆ) ಸಾಲು ಎರಡು ಸಲ ಬಂದಿತ್ತು. ಎರಡನೆಯದೂ ‘ಇಫ್’ ಒಳಗೇ ಇರುವಂತೆ ಇಂಡೆಂಟ್ ಆಗಿತ್ತು. ಆದರೆ ಕಂಪೈಲರ್‌ಗೆ ಇಂಡೆಂಟ್ ಲೆಕ್ಕಕ್ಕಿಲ್ಲ. ಆ ಸಾಲು ಯಾವಾಗಲೂ ಓಡುತ್ತಿತ್ತು, ಸುರಕ್ಷಿತ ಕನೆಕ್ಷನ್‌ನ ಸಹಿ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ. ಫಾರ್ಮ್ಯಾಟರ್ ಓಡಿಸಿದ್ದರೆ ಆ ಎರಡನೇ ಸಾಲು ಎಡಕ್ಕೆ ಸರಿದು ನಿಲ್ಲುತ್ತಿತ್ತು. ಆಮೇಲೆ 2016ರಲ್ಲಿ ಬಂದ ಕಂಪೈಲರ್ ಜಿಸಿಸಿ 6, ಹೀಗೆ ದಾರಿ ತಪ್ಪಿಸುವ ಇಂಡೆಂಟ್ ಕಂಡರೆ ಎಚ್ಚರಿಸುವ ವಾರ್ನಿಂಗ್ ಸೇರಿಸಿತು.

ಹಂತ 2: ಆಯ್ಕೆಗಳು ಕಡಿಮೆ ಇರುವ ಟೂಲ್ ಆರಿಸಿ

ಭಾಷೆಗೆ ತನ್ನದೇ ಫಾರ್ಮ್ಯಾಟರ್ ಇದ್ದರೆ ಯೋಚನೆಯೇ ಬೇಡ. ಗೋ ಭಾಷೆ 2009ರಲ್ಲಿ ಹೊರಬಂದಾಗಲೇ ಗೋಫಂಟ್ ಜೊತೆಗಿತ್ತು. ಅದರಲ್ಲಿ ಶೈಲಿ ಬದಲಿಸುವ ಸೆಟ್ಟಿಂಗ್ ಇಲ್ಲ, ಹಾಗಾಗಿ ಗೋ ಬರೆಯುವವರಲ್ಲಿ ಈ ಜಗಳವೂ ಹೆಚ್ಚುಕಡಿಮೆ ಇಲ್ಲ. ರಸ್ಟ್‌ಗೆ ರಸ್ಟ್‌ಫಂಟ್ ಇದೆ. ಜಾವಾಸ್ಕ್ರಿಪ್ಟ್‌ಗೆ 2017ರಲ್ಲಿ ಪ್ರಿಟಿಯರ್ ಬಂತು, ಪೈಥಾನ್‌ಗೆ 2018ರಲ್ಲಿ ಬ್ಲ್ಯಾಕ್. ಈಚೆಗೆ ರಫ್ ಕೂಡ ಬ್ಲ್ಯಾಕ್ ಶೈಲಿಯಲ್ಲೇ, ತುಂಬಾ ವೇಗವಾಗಿ ಫಾರ್ಮ್ಯಾಟ್ ಮಾಡುತ್ತದೆ.

ಸಿ, ಸಿ++ ಬರೆಯುವವರ ಕಷ್ಟ ಸ್ವಲ್ಪ ಜಾಸ್ತಿ. ಅವರ ಫಾರ್ಮ್ಯಾಟರ್ ಕ್ಲ್ಯಾಂಗ್-ಫಾರ್ಮ್ಯಾಟ್‌ನಲ್ಲಿ ಆಯ್ಕೆಗಳು ರಾಶಿ ರಾಶಿ. ಅಲ್ಲಿ ಎಲ್‌ಎಲ್‌ವಿಎಂ, ಗೂಗಲ್, ಮೊಝಿಲ್ಲಾ, ವೆಬ್‌ಕಿಟ್ ಹೀಗೆ ಸಿದ್ಧ ಶೈಲಿಗಳಿವೆ. ಒಂದನ್ನು ತೆಗೆದುಕೊಳ್ಳಿ, ಹೆಚ್ಚೆಂದರೆ ಎರಡು ಮೂರು ಬದಲಾವಣೆ ಮಾಡಿ, ಅಲ್ಲಿಗೆ ನಿಲ್ಲಿಸಿ. ಪ್ರತಿ ಹೊಸ ಸೆಟ್ಟಿಂಗ್ ಅಂದರೆ ಇನ್ನೊಂದು ಮೀಟಿಂಗ್.

ಹಂತ 3: ಉಳಿದ ನಾಲ್ಕು ಮಾತನ್ನು ಬೇಗ ಮುಗಿಸಿ

ಟೂಲ್ ಆರಿಸಿದ ಮೇಲೆ ಚರ್ಚೆಗೆ ಉಳಿಯುವುದು ಬಹಳ ಕಡಿಮೆ. ಸಾಲಿನ ಉದ್ದ, ಟ್ಯಾಬೋ ಸ್ಪೇಸೋ, ಕೋಟ್, ಸೆಮಿಕೋಲನ್.

ಸಾಲಿನ ಉದ್ದಕ್ಕೆ ‘ಸರಿಯಾದ’ ಉತ್ತರ ಇಲ್ಲ ಎಂಬುದಕ್ಕೆ ದೊಡ್ಡ ಪ್ರಾಜೆಕ್ಟ್‌ಗಳೇ ಸಾಕ್ಷಿ. ಪೈಥಾನ್‌ನ ಶೈಲಿ ದಾಖಲೆ ಪೆಪ್ 8, 2001ರಲ್ಲಿ ಬರೆದದ್ದು. ಅದು ಸಾಲಿಗೆ 79 ಅಕ್ಷರ ಅನ್ನುತ್ತದೆ, ಟೀಮ್ ಒಪ್ಪಿದರೆ 99ರ ತನಕ ಹೋಗಬಹುದು ಎಂದೂ ಹೇಳುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ ಬ್ಲ್ಯಾಕ್ 88. ಪ್ರಿಟಿಯರ್ 80, ರಸ್ಟ್‌ಫಂಟ್ 100. ಲಿನಕ್ಸ್ ಕರ್ನಲ್‌ನ ಪ್ಯಾಚ್ ಪರೀಕ್ಷಿಸುವ ಸ್ಕ್ರಿಪ್ಟ್ ಬಹಳ ಕಾಲ 80 ದಾಟಿದರೆ ಗೊಣಗುತ್ತಿತ್ತು, 2020ರಲ್ಲಿ ಅದನ್ನು 100ಕ್ಕೆ ಏರಿಸಿದರು. ಗೋಫಂಟ್ ಈ ತಂಟೆಗೇ ಹೋಗುವುದಿಲ್ಲ. ನನ್ನ ಸಲಹೆ ಒಂದೇ: ಟೂಲ್ ಕೊಟ್ಟದ್ದನ್ನು ಹಾಗೇ ಇಟ್ಟುಕೊಳ್ಳಿ.

ಟ್ಯಾಬ್ ವಿಷಯದಲ್ಲಿ ಮಾತ್ರ ಒಂದು ಗಟ್ಟಿ ವಾದ ಇದೆ. ದೃಷ್ಟಿ ಕಡಿಮೆ ಇರುವವರು ಅಕ್ಷರ ತುಂಬಾ ದೊಡ್ಡದು ಮಾಡಿಕೊಂಡು ಓದುತ್ತಾರೆ. ಟ್ಯಾಬ್ ಇದ್ದರೆ ಅದರ ಅಗಲವನ್ನು ತಮಗೆ ಬೇಕಾದಂತೆ ಕಿರಿದು ಮಾಡಿಕೊಳ್ಳಬಹುದು, ಸ್ಪೇಸ್ ಇದ್ದರೆ ಆಗುವುದಿಲ್ಲ. ನಿಮ್ಮ ಟೀಮ್‌ನಲ್ಲಿ ಅಂಥವರಿದ್ದರೆ ಅವರ ಮಾತೇ ನಡೆಯಲಿ. ಇಲ್ಲವಾದರೆ ಭಾಷೆಯ ರೂಢಿ ನೋಡಿ: ಗೋ ಮತ್ತು ಲಿನಕ್ಸ್ ಕರ್ನಲ್ ಟ್ಯಾಬ್, ಪೈಥಾನ್ ನಾಲ್ಕು ಸ್ಪೇಸ್. ಕೆಲವು ಕಡೆ ಆಯ್ಕೆಯೇ ಇಲ್ಲ. ಮೇಕ್‌ಫೈಲ್‌ನ ಆಜ್ಞೆಗಳ ಮುಂದೆ ಟ್ಯಾಬ್ ಇರಲೇಬೇಕು, ಯಾಮಲ್‌ನ ಇಂಡೆಂಟ್‌ನಲ್ಲಿ ಟ್ಯಾಬ್ ಇರಲೇಬಾರದು.

ಕನ್ನಡದ ಸ್ಟ್ರಿಂಗ್‌ಗಳು ಕೋಡ್‌ನಲ್ಲಿ ಇರುವವರಿಗೆ ಒಂದು ಮಾತು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯೂನಿಕೋಡ್‌ಗೆ ಆರು ಕೋಡ್ ಪಾಯಿಂಟ್ (ಸಂಕೇತ), ಯುಟಿಎಫ್-8ರಲ್ಲಿ 18 ಬೈಟ್. ಸಾಲು ಎಷ್ಟು ಉದ್ದ ಎಂಬ ಪ್ರಶ್ನೆಗೆ ಒಂದೊಂದು ಟೂಲ್ ಒಂದೊಂದು ಉತ್ತರ ಕೊಡಬಹುದು. ಹಾಗಾಗಿ ಕನ್ನಡ ಪಠ್ಯ ಜಾಸ್ತಿ ಇದ್ದರೆ ಅದನ್ನು ಅನುವಾದದ ಫೈಲ್‌ಗಳಿಗೆ ಸಾಗಿಸಿ, ಆ ಫೈಲ್‌ಗಳಿಗೆ ಸಾಲಿನ ಮಿತಿ ಹಾಕಬೇಡಿ. ಸಮಚಿಹ್ನೆಗಳನ್ನು ಒಂದರ ಕೆಳಗೆ ಒಂದು ಸಾಲಾಗಿ ನಿಲ್ಲಿಸುವ ಚಟ ಇದ್ದರೆ ಅದನ್ನೂ ಬಿಡಿ. ಕನ್ನಡ ಅಕ್ಷರ ಬಂದ ಕೂಡಲೇ ಆ ಸಾಲು ಸೊಟ್ಟ ಆಗುತ್ತದೆ, ಒಂದು ಹೆಸರು ಉದ್ದವಾದರೆ ಹತ್ತು ಸಾಲು ಡಿಫ್‌ನಲ್ಲಿ (ಹಳೆಯ-ಹೊಸ ಕೋಡ್‌ನ ವ್ಯತ್ಯಾಸದ ಪಟ್ಟಿ) ಕಾಣಿಸಿಕೊಳ್ಳುತ್ತದೆ.

ಇನ್ನು ಒಪ್ಪಿಗೆ ಪಡೆಯುವ ಬಗೆ. ಎಲ್ಲರನ್ನೂ ಮೀಟಿಂಗ್‌ಗೆ ಕರೆದು ‘ಏನಂತೀರಿ?’ ಅಂತ ಕೇಳಬೇಡಿ. ನಮ್ಮ ಟೀಮ್‌ಗಳಲ್ಲಿ ಸೀನಿಯರ್ ಬಾಯಿ ಬಿಟ್ಟ ಮೇಲೆ ಜೂನಿಯರ್‌ಗಳು ಸುಮ್ಮನಾಗುತ್ತಾರೆ, ಅಲ್ವಾ? ಒಂದು ಪುಟದ ಪ್ರಸ್ತಾವ ಬರೆಯಿರಿ. ಟೂಲ್ ಯಾವುದು, ಸೆಟ್ಟಿಂಗ್ ಏನು, ಯಾವ ದಿನ ಜಾರಿ. ಜೊತೆಗೆ ನಿಮ್ಮದೇ ರೆಪೊದ ಎರಡು ಮೂರು ಫೈಲ್‌ಗಳನ್ನು ಫಾರ್ಮ್ಯಾಟ್ ಮಾಡಿ ಅದರ ಡಿಫ್ ತೋರಿಸಿ. ಕಣ್ಣಾರೆ ನೋಡಿದ ಮೇಲೆ ಅರ್ಧ ಆಕ್ಷೇಪ ತಾನಾಗಿಯೇ ಕರಗುತ್ತದೆ. ಒಂದು ವಾರ ಗಡುವು ಕೊಡಿ. ಬರವಣಿಗೆಯಲ್ಲೇ ಅಭಿಪ್ರಾಯ ಕೇಳಿ, ಕೊನೆಗೆ ತೀರ್ಮಾನ ಹೇಳುವವರು ಯಾರು ಎಂದು ಮೊದಲೇ ಹೆಸರಿಸಿ. ‘ನನಗೆ ಇಷ್ಟ ಇಲ್ಲ’ ಎಂಬುದು ಆಕ್ಷೇಪ ಅಲ್ಲ. ‘ಈ ಸೆಟ್ಟಿಂಗ್‌ನಿಂದ ಇಂಥ ಫೈಲ್ ಓದಲಿಕ್ಕೇ ಆಗುವುದಿಲ್ಲ, ನೋಡಿ’ ಎಂಬುದು ಆಕ್ಷೇಪ.

ಅವಸರವೂ ಬೇಡ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ 2019ರಲ್ಲೇ ಬ್ಲ್ಯಾಕ್ ಬಳಸುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತ್ತು. ಆದರೆ ಬ್ಲ್ಯಾಕ್ ಆಗಿನ್ನೂ ಬೀಟಾದಲ್ಲಿತ್ತು. 2022ರ ಜನವರಿಯಲ್ಲಿ ಸ್ಥಿರ ಆವೃತ್ತಿ ಬಂದ ಮೇಲೆ, ಫೆಬ್ರವರಿಯಲ್ಲಿ ಇಡೀ ಕೋಡನ್ನು ಫಾರ್ಮ್ಯಾಟ್ ಮಾಡಿದರು. ಅದಕ್ಕೂ ಮುಂಚೆ ಅವರ ಮಿತಿ 119 ಅಕ್ಷರ. ಅದನ್ನು ಬಿಟ್ಟು ಬ್ಲ್ಯಾಕ್‌ನ 88ಕ್ಕೆ ಇಳಿದರು.

ಹಂತ 4: ಲೈನ್ ಎಂಡಿಂಗ್ ಮೊದಲು ಸರಿಮಾಡಿ

ವಿಂಡೋಸ್ ಸಾಲಿನ ಕೊನೆಗೆ ಎರಡು ಗುರುತು (ಸಿಆರ್‌ಎಲ್‌ಎಫ್) ಇಡುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದು (ಎಲ್‌ಎಫ್). ಎರಡೂ ಬಗೆಯ ಫೈಲ್‌ಗಳು ರೆಪೊದಲ್ಲಿ ಬೆರೆತಿದ್ದರೆ ಫಾರ್ಮ್ಯಾಟರ್ ತಂದ ದಿನ ಗೊಂದಲ ಎರಡು ಪಟ್ಟು. ‘.ಗಿಟ್ಆಟ್ರಿಬ್ಯೂಟ್ಸ್’ ಫೈಲ್‌ನಲ್ಲಿ ಎಲ್ಲ ಪಠ್ಯ ಫೈಲ್‌ಗಳಿಗೂ ‘ಟೆಕ್ಸ್ಟ್=ಆಟೊ ಇಒಎಲ್=ಎಲ್‌ಎಫ್’ ಎಂದು ಬರೆಯಿರಿ. ವಿಂಡೋಸ್ ಬ್ಯಾಚ್ ಫೈಲ್‌ಗಳಿಗೆ ಮಾತ್ರ ಸಿಆರ್‌ಎಲ್‌ಎಫ್ ಉಳಿಸಿ. ಆಮೇಲೆ ‘ಗಿಟ್ ಆಡ್ --ರೀನಾರ್ಮಲೈಸ್ .’ ಓಡಿಸಿ, ಅದನ್ನೊಂದು ಪ್ರತ್ಯೇಕ ಕಮಿಟ್ (ಗಿಟ್ ಇತಿಹಾಸದಲ್ಲಿ ದಾಖಲಾಗುವ ಒಂದು ಬದಲಾವಣೆ) ಮಾಡಿ.

ಜೊತೆಗೆ ಒಂದು ‘.ಎಡಿಟರ್‌ಕಾನ್ಫಿಗ್’ ಫೈಲ್ ಇಡಿ. ಇಂಡೆಂಟ್ ಎಷ್ಟು, ಫೈಲ್‌ನ ಕೊನೆಯ ಸಾಲಿಗೂ ಲೈನ್ ಎಂಡಿಂಗ್ ಬೇಕಾ, ಕ್ಯಾರೆಕ್ಟರ್ ಸೆಟ್ ಯಾವುದು ಎಂಬುದನ್ನು ಬಹುತೇಕ ಎಡಿಟರ್‌ಗಳು ಇದರಿಂದಲೇ ಓದಿಕೊಳ್ಳುತ್ತವೆ.

ಹಂತ 5: ಕಾನ್ಫಿಗ್ ರೆಪೊದಲ್ಲಿ, ಆವೃತ್ತಿ ಬಿಗಿಯಾಗಿ

ಫಾರ್ಮ್ಯಾಟರ್‌ನ ಸೆಟ್ಟಿಂಗ್ ಯಾರ ಲ್ಯಾಪ್‌ಟಾಪ್‌ನಲ್ಲೂ ಇರಬಾರದು, ರೆಪೊದಲ್ಲೇ ಇರಬೇಕು. ಆವೃತ್ತಿಯನ್ನೂ ಅಂಕೆ ಬಿಡದೆ ನಮೂದಿಸಿ. ‘ಇದು ಅಥವಾ ಇದಕ್ಕಿಂತ ಹೊಸದು’ ಅಂತ ಬರೆದರೆ ಇಬ್ಬರ ಮೆಶಿನ್ ಎರಡು ರೀತಿ ಫಾರ್ಮ್ಯಾಟ್ ಮಾಡುತ್ತದೆ. ಪ್ರಿಟಿಯರ್ 2020ರ ಎರಡನೇ ಆವೃತ್ತಿಯಲ್ಲಿ ಒಮ್ಮೆ, 2023ರ ಮೂರನೇ ಆವೃತ್ತಿಯಲ್ಲಿ ಇನ್ನೊಮ್ಮೆ, ಪಟ್ಟಿಯ ಕೊನೆಯ ಕಾಮಾ ಬಗ್ಗೆ ತನ್ನ ಪೂರ್ವನಿಗದಿ ಬದಲಿಸಿತು. ಒಂದು ಕಾಮಾ ಸಾಕು, ಸಾವಿರ ಸಾಲು ಡಿಫ್ ಬರಲು.

ಮುಟ್ಟಬಾರದ ಫೈಲ್‌ಗಳ ಪಟ್ಟಿಯನ್ನೂ ಈಗಲೇ ಮಾಡಿ. ಟೂಲ್ ಹುಟ್ಟಿಸಿದ ಕೋಡ್, ಹೊರಗಿನಿಂದ ತಂದಿಟ್ಟ ಲೈಬ್ರರಿ, ಟೆಸ್ಟ್‌ಗಳ ಸ್ನ್ಯಾಪ್‌ಶಾಟ್, ಮಿನಿಫೈ ಆದ (ಸ್ಪೇಸ್ ಕಿತ್ತು ಕುಗ್ಗಿಸಿದ) ಫೈಲ್. ಸೆಟ್ಟಿಂಗ್, ಆವೃತ್ತಿ, ಈ ಪಟ್ಟಿ ಎಲ್ಲ ಸೇರಿ ಒಂದು ಕಮಿಟ್. ಇದನ್ನು ‘ಕ’ ಎಂದು ಕರೆಯೋಣ. ಇಲ್ಲಿ ಕಾನ್ಫಿಗ್ ಮಾತ್ರ ಇದೆ, ಫಾರ್ಮ್ಯಾಟ್ ಆದ ಕೋಡ್ ಇನ್ನೂ ಇಲ್ಲ. ಹೀಗೆ ಬೇರೆ ಇಡಲು ಬಲವಾದ ಕಾರಣ ಇದೆ. ಹಂತ 7ರಲ್ಲಿ ಗೊತ್ತಾಗುತ್ತದೆ.

ಹಂತ 6: ಒಂದೇ ಏಟಿಗೆ ಇಡೀ ರೆಪೊ

‘ಮುಟ್ಟಿದ ಫೈಲನ್ನು ಆಗಾಗ ಫಾರ್ಮ್ಯಾಟ್ ಮಾಡೋಣ’ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಲು ಮೃದುವಾಗಿದೆ. ಆದರೆ ಅದರಿಂದ ಪ್ರತಿ ಪಿಆರ್‌ನಲ್ಲೂ ಲಾಜಿಕ್ ಮತ್ತು ಸ್ಪೇಸ್ ಬೆರೆತು, ಯಾವ ತೊಂದರೆಯಿಂದ ಪಾರಾಗಲು ಹೊರಟೆವೋ ಅದೇ ವರ್ಷಗಟ್ಟಲೆ ಮುಂದುವರಿಯುತ್ತದೆ. ರೆಪೊ ವಿಪರೀತ ದೊಡ್ಡದಾಗಿದ್ದರೆ, ಹೊರಗೆ ಹಲವರು ಫೋರ್ಕ್ (ರೆಪೊದ ತಮ್ಮದೇ ಪ್ರತಿ) ಇಟ್ಟುಕೊಂಡಿದ್ದರೆ ಮಾತ್ರ ಬೇರೆ ದಾರಿ: ಬದಲಾದ ಸಾಲುಗಳನ್ನಷ್ಟೇ ಫಾರ್ಮ್ಯಾಟ್ ಮಾಡುವುದು. ಎಲ್‌ಎಲ್‌ವಿಎಂ ಪ್ರಾಜೆಕ್ಟ್ ‘ಗಿಟ್ ಕ್ಲ್ಯಾಂಗ್-ಫಾರ್ಮ್ಯಾಟ್’ ಬಳಸಿ ಹೀಗೇ ಮಾಡಲು ಹೇಳುತ್ತದೆ. ಬಾಕಿ ಎಲ್ಲರೂ ಒಂದೇ ಸಲ ಮುಗಿಸಿಬಿಡಿ.

ದಿನ ಆರಿಸುವಾಗ ರಿಲೀಸ್ ಆದ ಮರುದಿನ ಒಳ್ಳೆಯದು. ಆಗ ತೆರೆದಿರುವ ಪಿಆರ್‌ಗಳು ಕಡಿಮೆ. ಹಳೆಯ ರಿಲೀಸ್ ಬ್ರಾಂಚ್‌ಗಳಿಗೆ (ಕೋಡ್‌ನ ಬೇರೆ ಕವಲುಗಳಿಗೆ) ಇನ್ನೂ ಪ್ಯಾಚ್ ಕಳಿಸುತ್ತಿದ್ದರೆ ಅವನ್ನೂ ಅದೇ ದಿನ, ಅದೇ ಆವೃತ್ತಿಯ ಟೂಲ್‌ನಿಂದ ಫಾರ್ಮ್ಯಾಟ್ ಮಾಡಿ. ಇಲ್ಲದಿದ್ದರೆ ಮುಂದೆ ಪ್ರತಿ ಚೆರ್ರಿ-ಪಿಕ್ (ಒಂದು ಕಮಿಟನ್ನು ಬೇರೆ ಬ್ರಾಂಚಿಗೆ ತರುವುದು) ಕಾನ್ಫ್ಲಿಕ್ಟ್ ಆಗುತ್ತದೆ.

ಈಗ ಫಾರ್ಮ್ಯಾಟರ್ ಓಡಿಸಿ ಕಮಿಟ್ ಮಾಡಿ. ಇದು ‘ಖ’. ಇದರೊಳಗೆ ಕೈಯಿಂದ ತಿದ್ದಿದ ಒಂದು ಅಕ್ಷರವೂ ಇರಬಾರದು. ಒಂದು ಕಡೆ ಚೆನ್ನಾಗಿ ಕಾಣದಿದ್ದರೂ ಸರಿ, ಬೇರೆ ಕಮಿಟ್‌ನಲ್ಲಿ ನೋಡಿಕೊಳ್ಳಿ. ಕಮಿಟ್ ಸಂದೇಶದಲ್ಲಿ ಓಡಿಸಿದ ಆಜ್ಞೆ ಮತ್ತು ಟೂಲ್ ಆವೃತ್ತಿಯನ್ನು ಪೂರ್ತಿ ಬರೆಯಿರಿ.

ಇದನ್ನು ರಿವ್ಯೂ ಮಾಡುವುದು ಹೇಗೆ? ಹತ್ತಾರು ಸಾವಿರ ಸಾಲು ಯಾರೂ ಓದುವುದಿಲ್ಲ. ಓದಿದೆ ಅಂದರೆ ನಂಬಬೇಡಿ. ರಿವ್ಯೂ ಮಾಡುವವರು ‘ಕ’ವನ್ನು ಚೆಕ್‌ಔಟ್ ಮಾಡಿ, ಅದೇ ಆಜ್ಞೆ ತಮ್ಮ ಮೆಶಿನ್‌ನಲ್ಲಿ ಓಡಿಸಿ, ಬಂದದ್ದನ್ನು ‘ಖ’ ಜೊತೆ ಹೋಲಿಸಲಿ. ವ್ಯತ್ಯಾಸ ಸೊನ್ನೆ ಇದ್ದರೆ ಅಪ್ರೂವ್. ‘ಹೇಗೂ ಆ ಫೈಲ್ ಮುಟ್ಟಿದ್ದೇನಲ್ಲ’ ಅಂತ ಯಾರಾದರೂ ಒಂದು ಸಣ್ಣ ಬಗ್ ಫಿಕ್ಸ್ ಒಳಗೆ ಸೇರಿಸಿದ್ದರೆ ಇದರಲ್ಲೇ ಸಿಕ್ಕಿಬೀಳುತ್ತದೆ.

ಅರ್ಥ ಬದಲಾಗಿಲ್ಲ ಎಂಬ ಖಾತ್ರಿಗೆ ಬ್ಲ್ಯಾಕ್ ತಾನೇ ಹಳೆಯ ಮತ್ತು ಹೊಸ ಕೋಡ್‌ನ ಸಿಂಟ್ಯಾಕ್ಸ್ ಟ್ರೀ (ಸ್ಪೇಸ್ ಬಿಟ್ಟು ಉಳಿಯುವ ರಚನೆ) ಹೋಲಿಸಿ ನೋಡುತ್ತದೆ. ಬೇರೆ ಭಾಷೆಗಳಲ್ಲಿ ಟೆಸ್ಟ್‌ಗಳೇ ಗತಿ. ಇಂಪೋರ್ಟ್‌ಗಳನ್ನು ವಿಂಗಡಿಸುವ ಟೂಲ್‌ಗಳ ಬಗ್ಗೆ ಮಾತ್ರ ಹುಷಾರು. ಪೈಥಾನ್‌ನಲ್ಲಿ ಇಂಪೋರ್ಟ್ ಕ್ರಮ ಬದಲಾದರೆ ಕೆಲವೊಮ್ಮೆ ವರ್ತನೆಯೇ ಬದಲಾಗುತ್ತದೆ. ಸಿ++ನಲ್ಲಿ ಕ್ಲ್ಯಾಂಗ್-ಫಾರ್ಮ್ಯಾಟ್ ಹೆಡರ್‌ಗಳ ಕ್ರಮ ಬದಲಿಸಿ ಬಿಲ್ಡ್ ಮುರಿಯಬಹುದು. ಅದು ಫಾರ್ಮ್ಯಾಟಿಂಗ್ ಅಲ್ಲವೇ ಅಲ್ಲ, ಬೇರೆ ಕಮಿಟ್ ಮಾಡಿ, ಸರಿಯಾಗಿ ರಿವ್ಯೂ ಮಾಡಿ.

ಹಂತ 7: ತೆರೆದಿರುವ ಬ್ರಾಂಚ್‌ಗಳನ್ನು ದಾಟಿಸುವುದು

ಎಲ್ಲರೂ ಬೈಯುವುದು ಇಲ್ಲೇ. ನಿಮ್ಮ ಸಹೋದ್ಯೋಗಿಯ ಬ್ರಾಂಚ್ ಎರಡು ವಾರ ಹಳೆಯದು. ಆತ ಸೀದಾ ಮೇನ್ ಬ್ರಾಂಚನ್ನು ಮರ್ಜ್ ಮಾಡಲು ಹೋದರೆ ಮುಟ್ಟಿದ ಪ್ರತಿ ಫೈಲಿನಲ್ಲೂ ಕಾನ್ಫ್ಲಿಕ್ಟ್. ಇದನ್ನು ಕೈಯಿಂದ ಬಿಡಿಸುವ ಅಗತ್ಯವೇ ಇಲ್ಲ. ಹೀಗೆ ಮಾಡಲು ಹೇಳಿ:

1. ಮೊದಲು ‘ಕ’ವನ್ನು, ಅಂದರೆ ಫಾರ್ಮ್ಯಾಟ್ ಆಗುವ ಮುಂಚಿನ ಕಮಿಟನ್ನು, ತನ್ನ ಬ್ರಾಂಚಿಗೆ ಮರ್ಜ್ ಮಾಡಲಿ. ಇಲ್ಲಿ ಬರುವ ಕಾನ್ಫ್ಲಿಕ್ಟ್‌ಗಳು ನಿಜವಾದವು, ಬಿಡಿಸಲೇಬೇಕು. ಲೈನ್ ಎಂಡಿಂಗ್ ಕಾರಣಕ್ಕೆ ಬಂದವಾದರೆ ಮರ್ಜ್‌ಗೆ ‘-ಎಕ್ಸ್ ರೀನಾರ್ಮಲೈಸ್’ ಕೊಟ್ಟರೆ ಹೋಗುತ್ತವೆ.
2. ‘ಕ’ ಬಂದಿದೆ ಅಂದರೆ ಕಾನ್ಫಿಗ್ ಕೂಡ ಬಂದಿದೆ. ಈಗ ತನ್ನ ಬ್ರಾಂಚ್ ಮೇಲೆ ಅದೇ ಆವೃತ್ತಿಯ ಫಾರ್ಮ್ಯಾಟರ್ ಓಡಿಸಿ ಕಮಿಟ್ ಮಾಡಲಿ.
3. ಆಮೇಲೆ ‘ಗಿಟ್ ಮರ್ಜ್ -ಎಸ್ ಅವರ್ಸ್’ ಕೊಟ್ಟು ‘ಖ’ವನ್ನು ಮರ್ಜ್ ಮಾಡಲಿ.
4. ಕೊನೆಗೆ ಮಾಮೂಲಿನಂತೆ ಮೇನ್ ಬ್ರಾಂಚನ್ನು ಮರ್ಜ್ ಮಾಡಲಿ.

ಮೂರನೇ ಹೆಜ್ಜೆ ನೋಡಿ ಹೆದರುವವರಿದ್ದಾರೆ. ‘ಅವರ್ಸ್’ ಅಂದರೆ ಆ ಕಡೆಯದ್ದೆಲ್ಲ ಬಿಟ್ಟು ನನ್ನದೇ ಇಟ್ಟುಕೋ ಅಂತ ತಾನೇ? ಹೌದು. ಆದರೆ ‘ಖ’ದಲ್ಲಿ ಫಾರ್ಮ್ಯಾಟರ್ ಮಾಡಿದ್ದು ಬಿಟ್ಟು ಬೇರೇನೂ ಇಲ್ಲ, ಅದೇ ಕೆಲಸವನ್ನು ಎರಡನೇ ಹೆಜ್ಜೆಯಲ್ಲಿ ನಾವೂ ಮಾಡಿದ್ದೇವೆ. ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ‘ಖ’ದೊಳಗೆ ಕೈಯಿಂದ ತಿದ್ದಬೇಡಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಯಾರಾದರೂ ಅಲ್ಲಿ ಬಗ್ ಫಿಕ್ಸ್ ಸೇರಿಸಿದ್ದರೆ ಈ ಹೆಜ್ಜೆಯಲ್ಲಿ ಅದು ಸದ್ದಿಲ್ಲದೆ ಮಾಯ. ಇನ್ನೊಂದು: ಇದು ಸಣ್ಣ ‘ಎಸ್’ ಇರುವ ಸ್ಟ್ರಾಟೆಜಿ. ದೊಡ್ಡ ‘ಎಕ್ಸ್’ ಹಾಕಿ ಕೊಡುವ ‘ಅವರ್ಸ್’ ಬೇರೆ, ಅದು ಕಾನ್ಫ್ಲಿಕ್ಟ್ ಆದ ಕಡೆ ಮಾತ್ರ ನಮ್ಮದನ್ನು ಇಡುತ್ತದೆ. ನಾಲ್ಕನೇ ಹೆಜ್ಜೆಗೆ ಯಾವ ‘ಅವರ್ಸ್’ ಕೂಡ ಬೇಡ.

ಹಂತ 8: ಗಿಟ್ ಬ್ಲೇಮ್ ಉಳಿಸಿಕೊಳ್ಳಿ

ಇಡೀ ರೆಪೊ ಫಾರ್ಮ್ಯಾಟ್ ಆದರೆ ಬ್ಲೇಮ್‌ನಲ್ಲಿ (ಪ್ರತಿ ಸಾಲನ್ನು ಕೊನೆಗೆ ಬದಲಿಸಿದ್ದು ಯಾರು ಎಂದು ತೋರಿಸುವ ಆಜ್ಞೆ) ಸಾಲು ಸಾಲಿಗೂ ನಿಮ್ಮದೇ ಹೆಸರು. ಈ ಆಕ್ಷೇಪ ಹಿಂದೆ ನ್ಯಾಯವಾಗಿತ್ತು. 2019ರ ಗಿಟ್ 2.23ರಿಂದ ಪರಿಹಾರ ಇದೆ. ‘.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಎಂಬ ಫೈಲ್‌ನಲ್ಲಿ ‘ಖ’ದ ಹ್ಯಾಶ್ (ಕಮಿಟ್‌ನ ಗುರುತಿನ ಸಂಕೇತ) ಬರೆಯಿರಿ, 40 ಅಕ್ಷರ ಪೂರ್ತಿ. ಲೈನ್ ಎಂಡಿಂಗ್ ಕಮಿಟ್‌ನದ್ದೂ ಸೇರಿಸಿ. ಗಿಟ್‌ಹಬ್ ಈ ಫೈಲನ್ನು ತಾನಾಗಿಯೇ ಓದುತ್ತದೆ. ತಮ್ಮ ಮೆಶಿನ್‌ನಲ್ಲಿ ಮಾತ್ರ ಪ್ರತಿಯೊಬ್ಬರೂ ‘ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ ಎಂಬ ಸೆಟ್ಟಿಂಗ್ ಹಾಕಿಕೊಳ್ಳಬೇಕು. ಅದನ್ನು ಗ್ಲೋಬಲ್ ಆಗಿ ಹಾಕಬೇಡಿ. ಆ ಫೈಲ್ ಇಲ್ಲದ ಬೇರೆ ರೆಪೊಗಳಲ್ಲಿ ಬ್ಲೇಮ್ ಎರರ್ ಕೊಟ್ಟು ನಿಲ್ಲಬಹುದು.

ಒಂದು ಬಲೆ ಇದೆ. ಸ್ಕ್ವಾಶ್ (ಹಲವು ಕಮಿಟ್ ಒಂದಾಗಿಸುವುದು) ಅಥವಾ ರೀಬೇಸ್ (ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಮತ್ತೆ ಕೂರಿಸುವುದು) ಮಾಡಿ ಮರ್ಜ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ‘ಖ’ ಮೇನ್ ಬ್ರಾಂಚಿಗೆ ಸೇರಿದ ಮೇಲೆ, ಅಲ್ಲಿ ಸಿಕ್ಕ ಹ್ಯಾಶನ್ನೇ ಇನ್ನೊಂದು ಪಿಆರ್‌ನಲ್ಲಿ ಬರೆಯಿರಿ. ಸ್ಕ್ವಾಶ್ ಮಾಡುವ ರೂಢಿ ಇದ್ದರೆ ‘ಕ’ ಮತ್ತು ‘ಖ’ ಎರಡೂ ಬೇರೆ ಬೇರೆ ಪಿಆರ್ ಆಗಿರಲಿ. ಒಂದೇ ಪಿಆರ್ ಮಾಡಿದರೆ ಎರಡೂ ಬೆರೆತು ಹೋಗುತ್ತವೆ.

ಹಂತ 9: ಕಾವಲು

ಮೂರು ಕಡೆ ಇಡಿ. ಎಡಿಟರ್‌ನಲ್ಲಿ ಸೇವ್ ಮಾಡಿದಾಗ ಫಾರ್ಮ್ಯಾಟ್ ಆಗಲಿ. ಕಮಿಟ್ ಮಾಡುವಾಗ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಓಡಲಿ. ಪೈಥಾನ್ ಕಡೆ ಪ್ರಿ-ಕಮಿಟ್, ಜಾವಾಸ್ಕ್ರಿಪ್ಟ್ ಕಡೆ ಹಸ್ಕಿ ಮತ್ತು ಲಿಂಟ್-ಸ್ಟೇಜ್ಡ್ ಚಾಲ್ತಿಯಲ್ಲಿವೆ. ಆದರೆ ‘--ನೋ-ವೆರಿಫೈ’ ಕೊಟ್ಟು ಹುಕ್ ದಾಟಬಹುದು, ಎಲ್ಲರಿಗೂ ಗೊತ್ತು. ಹಾಗಾಗಿ ನಿಜವಾದ ಬಾಗಿಲು ಸಿಐ (ಪಿಆರ್ ಬಂದಾಗ ಸರ್ವರ್‌ನಲ್ಲಿ ತಾನಾಗಿ ಓಡುವ ಪರೀಕ್ಷೆಗಳು). ಬ್ಲ್ಯಾಕ್, ಪ್ರಿಟಿಯರ್ ಎರಡಕ್ಕೂ ‘--ಚೆಕ್’ ಇದೆ. ಅದು ಫೈಲ್ ತಿದ್ದುವುದಿಲ್ಲ, ತಪ್ಪಿದ್ದರೆ ಫೇಲ್ ಮಾಡುತ್ತದೆ. ಗೋಫಂಟ್‌ನ ‘-ಎಲ್’ ಸರಿಯಿಲ್ಲದ ಫೈಲ್‌ಗಳ ಹೆಸರು ಪ್ರಿಂಟ್ ಮಾಡುತ್ತದೆ ಅಷ್ಟೇ. ಔಟ್‌ಪುಟ್ ಖಾಲಿ ಇದೆಯಾ ಅಂತ ನಿಮ್ಮ ಸ್ಕ್ರಿಪ್ಟೇ ನೋಡಬೇಕು. ಸಿಐ ತಾನೇ ಫಾರ್ಮ್ಯಾಟ್ ಮಾಡಿ ಬ್ರಾಂಚಿಗೆ ಪುಶ್ ಮಾಡುವುದು ನನಗೆ ಇಷ್ಟವಿಲ್ಲ. ನಮ್ಮ ಬ್ರಾಂಚ್ ನಮಗೆ ಗೊತ್ತಿಲ್ಲದೆ ಮುಂದೆ ಹೋಗಿರುತ್ತದೆ.

ಈ ಚೆಕ್ ಫೇಲ್ ಆದಾಗ ಬರುವ ಸಂದೇಶದಲ್ಲಿ ಸರಿಪಡಿಸುವ ಆಜ್ಞೆಯನ್ನು ಹಾಗೇ ಕೊಡಿ, ಕಾಪಿ ಮಾಡಿ ಓಡಿಸುವಂತೆ ಇರಲಿ.

ಹಂತ 10: ಆಮೇಲಿನ ನಿರ್ವಹಣೆ

ಮ್ಯಾಟ್ರಿಕ್ಸ್, ಕೋಷ್ಟಕದಂಥ ಕೋಡ್‌ಗೆ ವಿನಾಯಿತಿ ಬೇಕಾಗುತ್ತದೆ. ಬ್ಲ್ಯಾಕ್‌ನಲ್ಲಿ ‘ಫಂಟ್: ಆಫ್’, ಪ್ರಿಟಿಯರ್‌ನಲ್ಲಿ ‘ಪ್ರಿಟಿಯರ್-ಇಗ್ನೋರ್’ ಎಂಬ ಕಾಮೆಂಟ್ ಸಾಕು. ಪಕ್ಕದಲ್ಲಿ ಕಾರಣ ಬರೆಯದ ವಿನಾಯಿತಿಯನ್ನು ರಿವ್ಯೂನಲ್ಲಿ ಒಪ್ಪಬೇಡಿ.

ರಿವ್ಯೂನಲ್ಲಿ ಫಾರ್ಮ್ಯಾಟಿಂಗ್ ಕಾಮೆಂಟ್ ಹಾಕುವುದು ಇನ್ನು ನಿಷಿದ್ಧ. ಫಾರ್ಮ್ಯಾಟರ್ ಬಿಟ್ಟದ್ದು ಸರಿ ಎಂದೇ ಲೆಕ್ಕ. ಯಾರಿಗಾದರೂ ತೀರಾ ಸಹಿಸಲಾಗದಿದ್ದರೆ ಕಾನ್ಫಿಗ್ ಬದಲಿಸುವ ಪಿಆರ್ ಕಳಿಸಲಿ, ಇಡೀ ರೆಪೊದ ಡಿಫ್ ಸಮೇತ. ಹಾಗೆ ಕಳಿಸುವವರು ಬಹಳ ಕಡಿಮೆ.

ಟೂಲ್‌ನ ಹೊಸ ಆವೃತ್ತಿಗೆ ವರ್ಷಕ್ಕೊಮ್ಮೆ ಹೋಗಿ. ಬ್ಲ್ಯಾಕ್ ತನ್ನ ಸ್ಥಿರ ಶೈಲಿಯನ್ನು ವರ್ಷದ ಮೊದಲ ಬಿಡುಗಡೆಯಲ್ಲಿ ಮಾತ್ರ ಬದಲಿಸುತ್ತದೆ, ಹಾಗಾಗಿ ಜನವರಿ ಮುಗಿದ ಮೇಲೆ ಅನುಕೂಲ. ಆಗಲೂ ಕ್ರಮ ಇದೇ: ಆವೃತ್ತಿ ಬದಲಿಸಿದ್ದು ಒಂದು ಕಮಿಟ್, ಫಾರ್ಮ್ಯಾಟರ್ ಮಾಡಿದ್ದು ಇನ್ನೊಂದು, ಎರಡನೆಯದರ ಹ್ಯಾಶ್ ಇಗ್ನೋರ್ ಫೈಲ್‌ನ ಕೊನೆಗೆ.